ನಾಲ್ಕನೇ ಕಿಟಕಿಯ ದೇವರು

ನನ್ನ ಸೋದರಮಾವನಿಗೆ ದೇವರು ಸಿಕ್ಕಿದ್ದಾನೆ. ಹಿಮಾಲಯದಲ್ಲಲ್ಲ, ಬೈಕುಲ್ಲಾ ಕಡೆಯ ಒಂದು ದೊಡ್ಡ ಆಸ್ಪತ್ರೆಯ ನಾಲ್ಕನೇ ಕಿಟಕಿಯಲ್ಲಿ! ಕೇಸ್ ಪೇಪರಿಗೆ, ತಪಾಸಣೆಯ ಕಾಗದಕ್ಕೆ, ಎಲ್ಲಕ್ಕೂ ಮೊಹರು ಬೀಳುವುದು ಅಲ್ಲೇ. ಬೆಳಗ್ಗೆ ಏಳಕ್ಕೆಲ್ಲ ಲೈನು ಗೇಟು ಮುಟ್ಟಿರುತ್ತದೆ. ವಾರಕ್ಕೆ ಮೂರು ದಿನ ಮಾವ ಕಾಂದಿವಲಿಯಲ್ಲಿ ಲೋಕಲ್ ಹತ್ತಿ, ದಾದರಿನಲ್ಲಿ ಬದಲಿಸಿ, ಗುರುತು ಪರಿಚಯವಿಲ್ಲದವರ ಪರವಾಗಿ ಆ ಲೈನಿನಲ್ಲಿ ನಿಲ್ಲಲು ಹೋಗುತ್ತಾರೆ. ಇಡೀ ಮುಂಬಯಿ ಕೂರುವ ಸೀಟಿಗಾಗಿ ಹೊಡೆದಾಡುವಾಗ, ನಿಲ್ಲಲೆಂದೇ ಮನೆ ಬಿಡುವ ಇನ್ನೊಬ್ಬರನ್ನು ನೀವು ಕಂಡಿದ್ದೀರಾ?

ಅತ್ತೆ ತೀರಿಕೊಂಡ ಮೇಲೆ ಮಾವ ಅಧ್ಯಾತ್ಮದ ಎಲ್ಲ ಅಂಗಡಿಗಳನ್ನೂ ಹತ್ತಿ ಇಳಿದವರು. ಧ್ಯಾನ ಶಿಬಿರದಲ್ಲಿ ಅವರು ಹೊಡೆದ ಗೊರಕೆಗೆ ಉಳಿದವರ ಏಕಾಗ್ರತೆಯೆಲ್ಲ ಮಾವನ ಮೇಲೇ ನೆಟ್ಟು, ಮೂರನೇ ದಿನ ಆಯೋಜಕರೇ ಕೈಮುಗಿದು ಬೀಳ್ಕೊಟ್ಟರು. ಭಜನಾ ಮಂಡಳಿಯವರು ಕೈಗೆ ತಾಳ ಕೊಟ್ಟು, ಮರುವಾರವೇ ಇಸಿದುಕೊಂಡರು. ಕೊನೆಗೊಂದು ದಿನ ಬಿಪಿ ತೋರಿಸಲು ಆ ಆಸ್ಪತ್ರೆಗೆ ಹೋದರು. ಕಾಂದಿವಲಿಯಲ್ಲಿ ಗಲ್ಲಿಗೊಬ್ಬ ಡಾಕ್ಟರಿರುವಾಗ ಅಷ್ಟು ದೂರ ಯಾಕೆಂದು ನಾನು ಕೇಳಲಿಲ್ಲ. ಅಲ್ಲಿ ಯಾದಗಿರಿಯ ಹೆಂಗಸೊಬ್ಬಳ ಬದಲಿಗೆ ಮೂರು ತಾಸು ನಿಂತು, ತಮ್ಮ ಬಿಪಿ ಮರೆತು, ಮುಖದ ತುಂಬ ತೇಜಸ್ಸು ಹೊತ್ತು ಮನೆಗೆ ಬಂದರು.

ಉಚಿತ ಸೇವೆ ಅಂದ ಮಾತ್ರಕ್ಕೆ ಸಾಧು ಮನುಷ್ಯ ಎಂದುಕೊಳ್ಳಬೇಡಿ. ಮಾವನ ಷರತ್ತು ಒಂದೇ: ಲೈನಿನಿಂದ ಬಿಡುಗಡೆಯಾದವರು ಹೋಗಿ ರೋಗಿಯ ಪಕ್ಕ ಕೂರಬೇಕು. ಒಮ್ಮೆ ಕಲಬುರಗಿಯವನೊಬ್ಬ ಗೇಟಿನ ಹೊರಗೆ ವಡಾಪಾವ್ ತಿನ್ನುತ್ತಾ ಸಿಕ್ಕಿಬಿದ್ದ.

“ಅಪ್ಪ ಮಲಗ್ಯಾನ್ರೀ ಅಂಕಲ್, ಹಂಗಾಗಿ ಹೊರಗ ಬಂದೆ.”

“ಎದ್ದಾಗ ನಿನ್ ಮುಖ ಕಾಣ್ಬೇಕಲ್ಲಪ್ಪ? ಚಲೋ, ಅಲ್ಲೇ ಕೂತು ತಿನ್ನು. ಲೈನ್ ನಾನ್ ನೋಡ್ಕೋತೀನಿ.”

ಪಾಪ, ಅವನು ವಡಾಪಾವ್ ಸಮೇತ ವಾರ್ಡಿಗೆ ಓಡಿದ.

ಈ ಚಟ ಆಸ್ಪತ್ರೆಗಷ್ಟೇ ಸೀಮಿತವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಗಣೇಶೋತ್ಸವದಲ್ಲಿ ಮನೆಮಂದಿಯೆಲ್ಲ ದರ್ಶನಕ್ಕೆ ಐದು ತಾಸು ನಿಂತು, ಇನ್ನೇನು ಮೂರ್ತಿ ಕಾಣಬೇಕು, ಮಾವ ತಮ್ಮ ಜಾಗವನ್ನು ಹಿಂದಿದ್ದ ಅಜ್ಜಿಗೆ ಬಿಟ್ಟುಕೊಟ್ಟು ಲೈನಿನ ಬಾಲಕ್ಕೆ ಹೊರಟರು.

“ದೇವರನ್ನ ನೋಡೋದು ಬೇಡ್ವಾ ಮಾವ?”

“ನೋಡಿದ್ನಲ್ಲೋ, ನನ್ ಹಿಂದೇನೇ ನಿಂತಿದ್ರು.”

ಮಾತೇನೋ ಚೆನ್ನಾಗಿದೆ. ಆದರೆ ಎಲ್ಲರ ಚಪ್ಪಲಿಯ ಟೋಕನ್ ಇದ್ದದ್ದು ಮಾವನ ಜೇಬಿನಲ್ಲಿ! ಅವರು ಎರಡನೇ ಸಲ ಮುಂದೆ ಬರುವವರೆಗೆ ನಾವು ಆರು ಜನ ಬರಿಗಾಲಿನಲ್ಲಿ ರಸ್ತೆಯ ಮೇಲೆ ಕುಣಿದೆವು.

ಕಳೆದ ತಿಂಗಳು ಮಾವನ ಮಂಡಿ ಊದಿಕೊಂಡಿತು. ನಿಲ್ಲಲೇಬಾರದು ಎಂದರು ಡಾಕ್ಟರು. “ಅಂತೂ ಕೂತ್ರಲ್ಲ,” ಎಂದು ನಾನು ನಕ್ಕೆ. ಮಾವ ನಗಲಿಲ್ಲ.

“ನಾಳೆ ವಿಜಯಪುರದ ಹೆಣ್ಮಗಳೊಬ್ಬಳಿಗೆ ಬರ್ತೀನಿ ಅಂದಿದ್ದೆ ಕಣೋ. ಗಂಡನ್ನ ಬಿಟ್ಟು ಅವಳು ಲೈನಲ್ಲಿ ನಿಲ್ಲಬಾರದು.”

“ನಿಂತ್ರೆ ಏನಾಗುತ್ತೆ ಮಾವ? ಎಲ್ರೂ ನಿಲ್ತಾರೆ.”

ಮಾವ ಮಂಡಿ ಸವರಿಕೊಂಡರು. “ನಿಮ್ಮತ್ತೆ ಹೋದಾಗ ನಾನು ಆ ನಾಲ್ಕನೇ ಕಿಟಕಿ ಹತ್ರ ಇದ್ದೆ. ನನ್ ಮುಂದೆ ಇನ್ನು ಇಬ್ಬರೇ ಇದ್ರು.”

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಗ್ಗೆ ಮಾವ ಫೋನ್ ಮಾಡಿ, ಸ್ವಲ್ಪ ಬಂದು ಲೈನಿನಲ್ಲಿ ನಿಲ್ಲುತ್ತೀಯಾ ಎಂದು ಕೇಳಿದ್ದರು. ಆಫೀಸಿದೆ, ಸಂಜೆ ಬರುತ್ತೇನೆ ಎಂದಿದ್ದೆ. ಇಷ್ಟು ವರ್ಷಗಳಲ್ಲಿ ಮಾವ ಒಮ್ಮೆಯೂ ಆ ಮಾತು ಎತ್ತಿಲ್ಲ. ಈಗಲೂ ಎತ್ತಲಿಲ್ಲ. ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಮರುದಿನ ಆಫೀಸಿಗೆ ರಜೆ ಹಾಕಿ ಬೆಳಗಿನ ಲೋಕಲ್ ಹಿಡಿದೆ. ವಿಜಯಪುರದ ಹೆಂಗಸು ಫೈಲು ಎದೆಗವಚಿಕೊಂಡು ಗೇಟಿನಲ್ಲಿ ಹುಡುಕುತ್ತಿದ್ದಳು.

“ಅಜ್ಜಾರು ಬರ್ಲಿಲ್ಲೇನ್ರೀ?”

“ಅವರ ಬದಲು ನಾನು ಬಂದಿದ್ದೀನಿ. ನೀವು ಹೋಗಿ ಯಜಮಾನರ ಪಕ್ಕ ಕೂತ್ಕೊಳ್ಳಿ ಅಮ್ಮ.”

ಅವಳು ಫೈಲು ನನ್ನ ಕೈಗಿಟ್ಟು ವಾರ್ಡಿನ ಕಡೆ ಓಡಿದಳು. ನಾನು ಗೇಟಿನ ಹತ್ತಿರ, ಲೈನಿನ ಬಾಲದಲ್ಲಿ ನಿಂತೆ. ಮೂರು ತಾಸಾಯಿತು. ನನ್ನ ಮುಂದೆ ಇಬ್ಬರು ಉಳಿದಾಗ ಮಾವನಿಗೆ ಫೋನ್ ಮಾಡಿದೆ.

“ಇನ್ನು ಇಬ್ಬರೇ ಇದ್ದಾರೆ ಮಾವ.”



“ಅವಳೆಲ್ಲಿದ್ದಾಳೆ?” ಎಂದರು.

“ಗಂಡನ ಪಕ್ಕ ಕೂತಿದ್ದಾಳೆ.”