ಒಂದೇ ಉತ್ತರದ ಒಗಟು

ಶಿವಲೀಲಾ ಟೀಚರ್ ಹಾಳೆಗಳ ಬೆನ್ನಿಗೆ ಮೈದಾ ಅಂಟು ಸವರಿ ಗೋಡೆಗೆ ಒತ್ತುತ್ತಿದ್ದಳು. ಅವು ಐದನೆಯ ತರಗತಿಯ ಮಕ್ಕಳು ಕಟ್ಟಿದ ಲೆಕ್ಕದ ಒಗಟುಗಳು. ಸುಳಿವು ಕಡಿಮೆಯಾದರೆ ಎರಡು ಉತ್ತರ ಬರುತ್ತವೆ, ಹೆಚ್ಚಾದರೆ ಒಗಟೇ ಉಳಿಯುವುದಿಲ್ಲ, ಬರೋಬ್ಬರಿ ಒಂದೇ ಉತ್ತರ ಬರಬೇಕು ಎಂದು ತಿಂಗಳೆಲ್ಲ ಕಲಿಸಿದ್ದಳು. ಮನೆಮಂದಿಯ ವಯಸ್ಸು ಹಿಡಿದು ಕಟ್ಟಿರೆಂದು ಹೇಳಿದವಳೂ ಅವಳೇ.

ಕುಷ್ಟಗಿ ಕಡೆಯ ಆ ಶಾಲೆಗೆ ಇದ್ದ ಶಿಕ್ಷಕರು ಇಬ್ಬರೇ: ಅವಳು, ಹೆಡ್ ಮಾಸ್ತರ ವಿರೂಪಾಕ್ಷಪ್ಪ. ಅವಳ ಗಂಡ, ಮಗಳು ಇದ್ದದ್ದು ಗಂಗಾವತಿಯಲ್ಲಿ. ಮಗಳು ಈಗೀಗ ಫೋನಿನಲ್ಲಿ ಅವಳನ್ನು 'ಟೀಚರ್' ಎನ್ನತೊಡಗಿದ್ದಳು. ಅಲ್ಲಿಗೆ ವರ್ಗಾವಣೆ ಕೇಳಿದ ಅರ್ಜಿಗೆ ಹೆಡ್ ಮಾಸ್ತರರ ಸಹಿಯೊಂದು ಬಿದ್ದರೆ ಸಾಕಿತ್ತು.

"ಇವತ್ತಿನ ಪಾಲಕರ ಸಭಾ ಗದ್ಲಿಲ್ಲದಂಗ ಮುಗೀಲಿ. ಸಂಜಿಕೆ ಸಹಿ ಹಾಕ್ತೀನ್ರಿ" ಎಂದಿದ್ದರು.

ಸಭೆ ಕೂಡುವ ಮೊದಲೇ ಗೋಡೆಯ ಹಾಳೆಯೊಂದರ ಮುಂದೆ ನಿಂತು ಅಮರಮ್ಮ ಒದರಿದಳು. "ನನ್ನ ಹೊಟ್ಟಿ ಮ್ಯಾಲೆ ಹೊಡದಾಕಿ ಯಾವಾಕಿ?"

ಮೊಮ್ಮಗಳು ಹುಲಗಮ್ಮ ಬರೆದಿದ್ದಳು: 'ನಮ್ಮಜ್ಜಿ ವಯಸ್ಸು ಐವತ್ತಕ್ಕಿಂತ ಹೆಚ್ಚು, ಅರವತ್ತಕ್ಕಿಂತ ಕಡಿಮೆ. ಏಳರ ಮಗ್ಗಿಯಲ್ಲಿ ಬರುತ್ತದೆ.' ಐವತ್ತಾರು! ಮುದುಕರ ಪಿಂಚಣಿಯ ಕಾಗದದಲ್ಲಿ ಅಮರಮ್ಮನಿಗೆ ಎಪ್ಪತ್ತು.

"ತಿದ್ದೋಣ ಬಿಡ್ರೀ ಯಮ್ಮಾ. ಅರವತ್ತಕ್ಕಿಂತ ಹೆಚ್ಚು ಅಂತ ಬರದ್ರಾತು" ಎಂದು ಶಿವಲೀಲಾ ಪೆನ್ನು ತೆಗೆದಳು.

ಹುಲಗಮ್ಮ ಅಡ್ಡ ಬಂದಳು. "ಹಂಗಾದ್ರ ಅರವತ್ತಮೂರೂ ಬರತೈತ್ರಿ, ಎಪ್ಪತ್ತೂ ಬರತೈತ್ರಿ! ಎರಡು ಉತ್ತರ ಬರಬಾರ್ದು ಅಂತ ನೀವ ಹೇಳೀರಲ್ರೀ ಟೀಚರ್!"

ಅಷ್ಟರಲ್ಲಿ, ಅಣ್ಣನ ಮಗಳ ಸಭೆಗೆಂದು ಬಂದಿದ್ದ ದುರುಗೇಶನ ವಯಸ್ಸನ್ನು ನಾಲ್ಕೈದು ಮಂದಿ ಬೆರಳು ಮಡಿಚಿ ಬಿಡಿಸಿಬಿಟ್ಟಿದ್ದರು. ಮರುದಿನ ಅವನನ್ನು ನೋಡಲು ಕನ್ಯೆಯ ಕಡೆಯವರು ಬರುವವರಿದ್ದರು. ಆ ಹುಡುಗಿ ಕಟ್ಟಿದ ಒಗಟಿಗೆ ಮೂವತ್ನಾಲ್ಕು ಬಿಟ್ಟರೆ ಬೇರೆ ಉತ್ತರವಿರಲಿಲ್ಲ.

"ಇಪ್ಪತ್ತೇಳು ಅಂತಿದ್ದೆಲ್ಲೋ! ಏಳು ವರ್ಷ ಎಲ್ಲಿ ಮೇಯಾಕ ಬಿಟ್ಟಿದ್ದಿ?" ಎಂದ ಪಕ್ಕದ ಮನೆಯ ಉಮರಸಾಬ.

ದುರುಗೇಶ ಹಾಳೆ ಕಿತ್ತ. ಅಣ್ಣನ ಮಗಳು ಅತ್ತಳು. ಸಂತೆಯಲ್ಲಿ ಹೋರಿ ಬಿಚ್ಚಿದಂತಾಯಿತು ಸಭೆ. ಸಹಿ ಕೈತಪ್ಪಿತೆಂದು ಶಿವಲೀಲಾ ಕಂಬಕ್ಕೆ ಒರಗಿದಳು.

ಗದ್ದಲ ನಿಲ್ಲಿಸಲು ಬಂದ ವಿರೂಪಾಕ್ಷಪ್ಪ ಕೊನೆಯ ಹಾಳೆಯ ಮುಂದೆ ತಾವೇ ನಿಂತುಬಿಟ್ಟರು. 'ನಮ್ಮ ದೊಡ್ಡ ಸರ್ ವಯಸ್ಸು ಅರವತ್ತರ ಒಳಗಿನ ಎಲ್ಲಕ್ಕಿಂತ ದೊಡ್ಡ ಸಮಸಂಖ್ಯೆ. ಅದರಲ್ಲಿ ಅರ್ಧ ನಮ್ಮ ಶಾಲೆಯಲ್ಲೇ ಕಳೆದಿದೆ. ಎಷ್ಟು ವರ್ಷ?'

"ಇಪ್ಪತ್ತೊಂಬತ್ತು" ಎಂದರು ಮೆಲ್ಲಗೆ. ಜಗಳಕ್ಕೆ ನಿಂತವರೆಲ್ಲ ಅವರ ಕಡೆ ತಿರುಗಿದರು.

ಅವರು ಒಳಗೆ ಹೋಗಿ ಲಕೋಟೆಯೊಂದನ್ನು ತಂದರು. ಹೊರಗೆ ಕುಷ್ಟಗಿ ಬಸ್ಸು ನಿಂತಿತ್ತು.

"ಓಡ್ರಿ ಟೀಚರ್, ಕಂಡಕ್ಟರ್ ಕೈಯಾಗ ಕೊಡ್ರಿ. ಆಫೀಸಿಗೆ ಮುಟ್ಟಸ್ತಾನ. ನಾಕು ವರ್ಷ ತಡಾ ಮಾಡಿದೆ."

ಶಿವಲೀಲಾ ಗೇಟಿನವರೆಗೆ ಹಾರಿಕೊಂಡೇ ಹೋದಳು. ಅಲ್ಲಿ ನಿಂತು ತಿರುಗಿದಳು. "ನಾಕು ವರ್ಷ? ನಾ ಅರ್ಜಿ ಕೊಟ್ಟಿದ್ದು ಹೋದ ವರ್ಷ ಅಲ್ರೀ ಸರ?"

"ಅದು ನಿಮ್ಮದಲ್ರೀ, ನಂದು. ಸ್ವಯಂ ನಿವೃತ್ತಿದು. ಯಲಬುರ್ಗಾದಾಗ ನಮ್ಮಾಕಿ ಒಬ್ಬಾಕಿನ ಕುಂತು ಉಣ್ಣಾಕತ್ತಾಳ."

"ಮತ್ತ ನಂದು?"

"ಇನ್ನ ಸಾಲಿ ಚಾರ್ಜು ನಿಮ್ಮದ. ನಿಮ್ಮ ಅರ್ಜಿಗೆ ಸಹಿ ಮಾಡೋರೂ ನೀವ" ಎಂದ ವಿರೂಪಾಕ್ಷಪ್ಪ ತಲೆ ತಗ್ಗಿಸಿದರು. "ಆದ್ರ ಚಾರ್ಜು ಇದ್ದವ್ರನ್ನ ಯಾರು ಬಿಡ್ತಾರವ್ವಾ?"

ಬಸ್ಸು ಹಾರ್ನ್ ಹೊಡೆಯಿತು. ಶಿವಲೀಲಾ ಲಕೋಟೆಯನ್ನು ಒಂದು ಗಳಿಗೆ ಬಿಗಿಯಾಗಿ ಹಿಡಿದಳು. ಯಲಬುರ್ಗಾದ ಆ ಒಂಟಿ ತಾಟು ಕಣ್ಣಿಗೆ ಕಟ್ಟಿತು. ಕೈ ಚಾಚಿದಳು. ಕಂಡಕ್ಟರ್ ಅದನ್ನು ಟಿಕೆಟ್ ಚೀಲಕ್ಕೆ ತುರುಕಿಕೊಂಡು ಸೀಟಿ ಊದಿದ.