ಮಾವನ ರಿಪೋರ್ಟಿನಲ್ಲಿ ಕಾಣದ ದಿನಗಳು

ನಮ್ಮ ಸೋದರಮಾವನನ್ನು "ಹೇಗಿದ್ದೀರಿ ಮಾವ?" ಅಂತ ಕೇಳುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಇರಲಿಲ್ಲ. ಕೇಳಿದಿರೋ, ಕೆಟ್ಟಿರಿ! ಬೇರೆಯವರಾದರೆ "ಚೆನ್ನಾಗಿದ್ದೀನಪ್ಪ" ಅಂದು ಮುಗಿಸುತ್ತಾರೆ. ನಮ್ಮ ಮಾವ ಕಂಪ್ಯೂಟರ್ ಆನ್ ಮಾಡಿ, ಅದು ಗುರ್ರ್ ಅಂದು ಏಳುವ ತನಕ ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ, "ಯಾವ ತಿಂಗಳದ್ದು ಬೇಕು? ಮಂಡಿನೋವು ಮಾತ್ರ ಸಾಕೋ, ನಿದ್ದೆನೂ ಸೇರಿಸಲೋ?" ಅಂತ ಕೇಳುತ್ತಿದ್ದರು. ಕುಶಲ ವಿಚಾರಿಸಲು ಹೋದವರು ಮಧ್ಯಾಹ್ನದ ಊಟ ಮುಗಿಸಿಕೊಂಡೇ ಬರಬೇಕಾಗುತ್ತಿತ್ತು.

ಮಾವ ಇದ್ದದ್ದು ಒಂದು ವಿಮಾ ಕಚೇರಿಯಲ್ಲಿ. ಊರಿನ ಹೆಸರು ಚೆನ್ನೈ ಅಂತ ಬದಲಾಗಿದ್ದರೂ ಅವರ ಬಾಯಲ್ಲಿ ಅದಿನ್ನೂ ಮದರಾಸೇ. ಕಚೇರಿಗೆ ಕಂಪ್ಯೂಟರ್ ಬಂದಾಗ ಅವರ ವಾರಿಗೆಯವರೆಲ್ಲ ಅದನ್ನು ಕಂಡು ಹಿಂದೆ ಸರಿದರಂತೆ. ಮಾವ ಮಾತ್ರ ಹಳೇ ಸ್ನೇಹಿತ ಸಿಕ್ಕ ಹಾಗೆ ಹೋಗಿ ಪಕ್ಕದಲ್ಲಿ ಕೂತುಬಿಟ್ಟರು. ರಾಶಿ ಅಂಕಿಗಳನ್ನು ಎಕ್ಸೆಲ್‌ಗೆ ತುಂಬಿ ಅದರಿಂದ ರಿಪೋರ್ಟು ಮಾಡುವುದನ್ನು ಕಲಿತರು. ಎಂಥ ರಿಪೋರ್ಟು ಅಂತೀರಿ! ಮೇಲೊಂದು ಸಣ್ಣ ಬಾಣದ ಗುರುತು. ಒತ್ತಿದರೆ ಸಾಲಾಗಿ ಹೆಸರುಗಳು ಇಳಿಯುತ್ತವೆ. ಬೇಕಾದ್ದಕ್ಕೆ ಟಿಕ್ ಹಾಕಿದರೆ ಅದು ಕಾಣುತ್ತದೆ, ಟಿಕ್ ತೆಗೆದರೆ ಮರೆಯಾಗುತ್ತದೆ. ಅಳಿಸಿಹೋಗುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

"ನೋಡೋರು ತಮಗೆ ಬೇಕಾದ್ದನ್ನ ತಾವೇ ಕೇಳ್ಕೋಬೇಕು ಕಣೇ. ರಿಪೋರ್ಟು ಉತ್ತರ ಕೊಡಬೇಕು" ಅನ್ನುತ್ತಿದ್ದರು ನನಗೆ.

ತಮ್ಮ ಮೊದಲ ರಿಪೋರ್ಟನ್ನು ಅವರು ಮೇಲಧಿಕಾರಿಯ ಕಂಪ್ಯೂಟರಿಗೆ ಹಾಕಿಕೊಟ್ಟರು. ಅಧಿಕಾರಿ ಬಹಳ ಮೆಚ್ಚಿ, "ಭೇಷ್! ಇದರದ್ದೊಂದು ಪ್ರಿಂಟ್ ತೆಗೆದು ಕಳಿಸಿಬಿಡಿ" ಅಂದರಂತೆ. ಮಾವ ವಿಧಿಯಿಲ್ಲದೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕರೆ ಬಂತು. ಹೋಗಿ ನೋಡಿದರೆ ಅಧಿಕಾರಿ ಕಾಗದದ ಮೇಲಿನ ಬಾಣವನ್ನು ಬೆರಳಲ್ಲಿ ಒತ್ತೊತ್ತಿ, "ಏನ್ರೀ, ತೆರೆಯೋದೇ ಇಲ್ವಲ್ಲ?" ಅಂತ ಕೇಳುತ್ತಿದ್ದಾರೆ! ಮಾವ ಸ್ವಯಂ ನಿವೃತ್ತಿ ತೆಗೆದುಕೊಂಡದ್ದಕ್ಕೆ ಬೇರೆ ಏನೇನೋ ಕಾರಣ ಹೇಳುತ್ತಿದ್ದರು. ನನಗೆ ಮಾತ್ರ ಆ ಬೆರಳಿನ ಮೇಲೇ ಅನುಮಾನ.

ಕಚೇರಿ ತಪ್ಪಿಸಿಕೊಂಡಿತು, ಅದೇ ಊರಿನ ಮಾಧವರಂನಲ್ಲಿದ್ದ ಅವರ ಮನೆ ಸಿಕ್ಕಿಹಾಕಿಕೊಂಡಿತು. ಅಲ್ಲಿ ಇದ್ದದ್ದು ಮಾವ, ಅತ್ತೆ ಇಬ್ಬರೇ. ಮಕ್ಕಳಿಲ್ಲ. ಹಾಗಾಗಿ ಅಂಕಿ ಅಂಶವೆಲ್ಲ ಅತ್ತೆಯಿಂದಲೇ ಹುಟ್ಟಬೇಕು. ಅತ್ತೆ ಮಾಡಿದ ಸಾರು, ಹುಳಿ, ಪಲ್ಯ, ಎಲ್ಲವೂ ಕಂಪ್ಯೂಟರಿಗೆ ಹೋಯಿತು. "ಅಡುಗೆ", "ಕರೆಂಟು", "ಆರೋಗ್ಯ", "ನೆಂಟರು" ಅಂತ ಒಂದೊಂದಕ್ಕೂ ಫೋಲ್ಡರು. ನೆಂಟರ ಫೋಲ್ಡರಿನಲ್ಲಿ ಯಾರು ಎಷ್ಟು ಹೊತ್ತು ಕೂತರು ಅನ್ನುವುದೂ ಇತ್ತು ಅಂತ ಆಮೇಲೆ ತಿಳಿಯಿತು. ನನ್ನದು ನೋಡಿಕೊಂಡಾಗಿನಿಂದ ನಾನು ಬೇಗ ಏಳುವುದು ಕಲಿತೆ.

ಮಾಡಿ ಸುಮ್ಮನಿದ್ದರೆ ಆಗುತ್ತಿತ್ತಲ್ಲ? ಹಂಚಬೇಕು! ಫ್ಲಾಪಿಯನ್ನು ಶರಟಿನ ಜೇಬಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಾಯಿಸಿ, ಟಿ. ನಗರದ ನಮ್ಮ ಮನೆಗೆ ಬರುವರು. ಪೆನ್‌ಡ್ರೈವ್ ಬಂದ ಮೇಲೆ ಅದಕ್ಕೆ ದಾರ ಕಟ್ಟಿ ಕೊರಳಿಗೇ ಹಾಕಿಕೊಂಡರು. ಅತ್ತೆ ನನ್ನ ಹತ್ತಿರ, "ನನ್ನ ಕತ್ತಲ್ಲಿರೋದು ಇವರು ಕಟ್ಟಿದ್ದು ಸರಿ. ಇವರ ಕತ್ತಿಗೆ ಅದನ್ನ ಯಾರಮ್ಮ ಕಟ್ಟಿದ್ರು?" ಅಂತ ನಗುತ್ತಿದ್ದಳು. ಒಮ್ಮೆ ಮಾವ ಊಟದ ನಡುವೆ ಎದ್ದು ಸಾರಿನ ರಿಪೋರ್ಟು ತೋರಿಸಲು ಹೊರಟಾಗ ಅತ್ತೆ, "ಸುಮ್ಮಾ ಇರ್ರೀ! ಉಪ್ಪು ಜಾಸ್ತಿ ಆಗಿದ್ರೆ ಬಾಯಲ್ಲಿ ಹೇಳಿ, ಬೋರ್ಡಲ್ಲಿ ಹಾಕಬೇಡಿ" ಅಂದಳು. ಮಾವ ಬಾಯಲ್ಲಿ ಹೇಳಲಿಲ್ಲ. ಅವರಿಗೆ ಯಾವುದನ್ನೂ ಬಾಯಲ್ಲಿ ಹೇಳಲು ಬರುತ್ತಲೇ ಇರಲಿಲ್ಲ, ಪಾಪ.

ಊರಿಗೆ ಊರೇ ನೀರಿಲ್ಲದೆ ಒದ್ದಾಡಿದ ವರ್ಷ ಮಾತ್ರ ಮಾವನಿಗೆ ಶುಕ್ರದೆಸೆ. ಬೀದಿಯ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು, ನೀರಿನ ಲಾರಿ ಬರುವ ಹೊತ್ತು ದೇವರಿಗೇ ಗೊತ್ತು. ಮಾವ ಲಾರಿ ಬಂದ ಹೊತ್ತನ್ನೆಲ್ಲ ಗುರುತು ಹಾಕಿಕೊಂಡು, ಬೀದಿ ಆರಿಸಿದರೆ, ವಾರ ಆರಿಸಿದರೆ ಲಾರಿ ಯಾವಾಗ ಬಂದೀತು ಅಂತ ತೋರಿಸುವ ರಿಪೋರ್ಟು ಮಾಡಿ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ರೂಮಿನ ಕಂಪ್ಯೂಟರಿಗೆ ಹಾಕಿದರು. ಜನ ಮುಗಿಬಿದ್ದರು! ನಾನೂ ಅವತ್ತು ಅಲ್ಲೇ ಇದ್ದೆ. ಒಬ್ಬರು ಮಂಗಳವಾರಕ್ಕೆ ಟಿಕ್ ಹಾಕಿ ಅನ್ನುವರು, ಇನ್ನೊಬ್ಬರು ಹಿಂದಿನ ಬೀದಿಯದ್ದು ತೆಗೀರಿ ಅನ್ನುವರು. ಮಾವನ ಮುಖದಲ್ಲಿ ಮದುವೆ ಗಂಡಿನ ಕಳೆ. ಅಷ್ಟರಲ್ಲಿ ಕೆಳಗಿನ ಮನೆಯಾಕೆ ಓಡಿ ಬಂದು, "ಅಯ್ಯೋ ಸಾರ್, ಲಾರಿ ವಂದು ಪೋಯಿಡುಚ್ಚು!" ಅಂತ ತಲೆ ಚಚ್ಚಿಕೊಂಡರು. ಲಾರಿ ಬಂದು, ಹೋಗಿಯೂ ಆಗಿತ್ತು! ನೀರು ಹಿಡಿದದ್ದು ಅತ್ತೆ ಒಬ್ಬಳೇ.

"ನಿಂಗೆ ಹೇಗೆ ಗೊತ್ತಾಯ್ತೇ?" ಅಂದರು ಮಾವ.

"ಹಾರ್ನ್ ಹೊಡೆದ್ರಲ್ಲ!"

ಅತ್ತೆಗೆ ಕಾಯಿಲೆ ಬಂದದ್ದು ಅದಾದ ಕೆಲವು ವರ್ಷಗಳಿಗೆ. ಮೊದಲು ಸುಸ್ತು ಅಂದಳು, ಆಮೇಲೆ ಜ್ವರ ಬಿಡಲಿಲ್ಲ. ರಕ್ತದ ಕಾಯಿಲೆ ಅಂತ ತಿಳಿಯುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಗೆ ಸೇರಿಸಿದ ದಿನವೇ ಮಾವ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದು ಮಂಚದ ಪಕ್ಕ ಠಿಕಾಣಿ ಹೂಡಿದರು. ಜ್ವರ, ರಕ್ತ, ಊಟ, ನಿದ್ದೆ, ಪ್ರತಿದಿನದ್ದೂ ಅದರೊಳಗೆ. ಡಾಕ್ಟರು ರೌಂಡ್ಸ್‌ಗೆ ಬಂದರೆ ಪೇಷೆಂಟಿಗಿಂತ ಮೊದಲು ಲ್ಯಾಪ್‌ಟಾಪನ್ನು ನೋಡಬೇಕು. ಒಳ್ಳೆಯ ಮನುಷ್ಯ, ನೋಡುತ್ತಿದ್ದರು. ಒಂದು ದಿನ ಮಾವನನ್ನೂ ನನ್ನನ್ನೂ ತಮ್ಮ ರೂಮಿಗೆ ಕರೆದು, "ಇನ್ನು ಹೆಚ್ಚು ದಿನ ಇಲ್ಲ ಸಾರ್. ಅವರನ್ನು ಸಂತೋಷವಾಗಿ ಇಟ್ಟುಕೊಳ್ಳಿ" ಅಂದರು.

ಮಾವ ತಲೆಯಾಡಿಸಿದರು. ವರಾಂಡದ ಬೆಂಚಿನ ಮೇಲೆ ಕೂತು, "ಅವಳಿಗೆ ಗೊತ್ತಾಗಬಾರದು ಕಣೇ. ಗೊತ್ತಾದ್ರೆ ನನ್ನನ್ನ ನೆನೆಸ್ಕೊಂಡು ಅಳ್ತಾಳೆ. ಅದನ್ನ ನನ್ನ ಕೈಲಿ ನೋಡಕ್ಕಾಗಲ್ಲ" ಅಂದರು. ಆಮೇಲೆ ಲ್ಯಾಪ್‌ಟಾಪ್ ತೆಗೆದರು. ಅತ್ತೆಗೆ ಅಂತಲೇ ಬೇರೊಂದು ರಿಪೋರ್ಟು ಮಾಡಿ, ಅದರಲ್ಲಿ ಕೆಟ್ಟ ದಿನಗಳ ಟಿಕ್ಕುಗಳನ್ನು ಒಂದೊಂದಾಗಿ ತೆಗೆದರು. ಒಳ್ಳೆಯ ದಿನಗಳಷ್ಟೇ ಉಳಿದವು.

"ಕೆಟ್ಟದ್ದನ್ನ ಪೂರ್ತಿ ಅಳಿಸಿಬಿಡಿ ಮಾವ, ಇನ್ನೂ ಸುಲಭ" ಅಂದೆ ನಾನು.

"ಅಳಿಸೋದು ಹೇಗೆ? ಅವಳು ಪಟ್ಟ ಕಷ್ಟ ಅಲ್ವೇನೇ ಅದು?" ಅಂದರು.

ಅಂದಿನಿಂದ ಬೆಳಿಗ್ಗೆ ಎದ್ದರೆ ಅತ್ತೆಯ ಮುಂದೆ ಅದೇ ರಿಪೋರ್ಟು. "ನೋಡೇ, ಜ್ವರ ಇಳೀತಿದೆ. ನೋಡೇ, ರಕ್ತ ಏರ್ತಿದೆ." ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಕಿವಿಯೆಲ್ಲ ಕೆಂಪಾಗುತ್ತಿತ್ತು. ಅತ್ತೆ, "ಪರವಾಗಿಲ್ವೇ!" ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಮಾವ ಕಾಫಿ ತರಲು ಕೆಳಗೆ ಹೋಗಿದ್ದರು. ಅತ್ತೆ ನನ್ನ ಕೈ ಹಿಡಿದು ಎದ್ದು ಕೂತು, ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾನು ನೋಡುತ್ತಿದ್ದ ಹಾಗೇ ಬಾಣವನ್ನು ಒತ್ತಿ, ಎಲ್ಲ ದಿನಕ್ಕೂ ಟಿಕ್ ಹಾಕಿಬಿಟ್ಟಳು. ಮುಚ್ಚಿಟ್ಟ ದಿನಗಳೆಲ್ಲ ಎದ್ದು ಬಂದವು.

"ಅತ್ತೆ, ನಿಮಗೆ ಇದು ಬರುತ್ತಾ?"

"ಇಷ್ಟು ವರ್ಷ ಪಕ್ಕದಲ್ಲಿ ಕೂತಿದ್ದೀನಲ್ಲಮ್ಮ, ಬರದೇ ಏನು? ವಾರದಲ್ಲಿ ಅಲ್ಲೊಂದು ಇಲ್ಲೊಂದು ದಿನ ತೋರಿಸ್ತಿದ್ರು. ಮಿಕ್ಕ ದಿನ ನಾನೆಲ್ಲಿಗೆ ಹೋಗಿದ್ದೆ, ಮರೀನಾ ಬೀಚಿಗಾ?"

ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಮೇಲಿಂದ ಕೆಳಗಿನ ತನಕ ನಿಧಾನವಾಗಿ ಓದಿದಳು, ಬೇರೆ ಯಾರದೋ ಕಾಯಿಲೆ ಅನ್ನುವ ಹಾಗೆ. ಆಮೇಲೆ ಕೆಟ್ಟ ದಿನಗಳ ಟಿಕ್ಕುಗಳನ್ನು ತಾನೇ ತೆಗೆಯತೊಡಗಿದಳು. ನಾನು ಮಾಡ್ತೀನಿ ಅಂದರೂ ಬಿಡಲಿಲ್ಲ. "ಅವರಿಗೆ ಹೇಳಬೇಡ. ಗೊತ್ತಾದ್ರೆ ಅವರ ಕೈಲಿ ತಡೆಯಕ್ಕಾಗಲ್ಲ" ಅಂದಳು.

ಮಾವ ಫ್ಲಾಸ್ಕ್ ಹಿಡಿದು ಬಂದರು. ತೆರೆದಿದ್ದ ರಿಪೋರ್ಟಿನ ಕಡೆ ಕಣ್ಣು ಹಾಯಿಸಿ, ಕಾಫಿಯನ್ನು ಲೋಟಕ್ಕೆ ಬಗ್ಗಿಸಿ, "ಇವತ್ತೂ ಪರವಾಗಿಲ್ಲ ಕಣೇ" ಅಂದರು. "ಹೌದ್ರೀ, ಹೀಗೇ ಆದ್ರೆ ಹಬ್ಬಕ್ಕೆ ಮನೆಗೆ ಹೋಗಬಹುದು" ಅಂದಳು ಅತ್ತೆ. ನಾನು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡೆ.

ಹಬ್ಬಕ್ಕೆ ಮೊದಲೇ ಅತ್ತೆ ಹೋಗಿಬಿಟ್ಟಳು.

ಕರ್ಮಗಳೆಲ್ಲ ಮುಗಿದ ಮೇಲೆ ಮಾಧವರಂಗೆ ಹೋದೆ. ಮಾವ ಅತ್ತೆಯ ರಿಪೋರ್ಟು ತೆರೆದುಕೊಂಡು ಕೂತಿದ್ದರು. ನಾನು ಕಣ್ಣಾಡಿಸಿದೆ. ಒಳ್ಳೆಯ ದಿನಗಳ ನಡುವೆ ಒಂದು ಶುಕ್ರವಾರ ಹಾಗೇ ಉಳಿದಿತ್ತು. ಬಹಳ ಕೆಟ್ಟ ಶುಕ್ರವಾರ ಅದು, ಅತ್ತೆ ನೀರೂ ಕುಡಿಯದ ದಿನ. ಆ ಮಧ್ಯಾಹ್ನ ಮುಚ್ಚುವ ಆತುರದಲ್ಲಿ ಅದೊಂದರ ಟಿಕ್ ತೆಗೆಯಲು ಅತ್ತೆ ಮರೆತಿದ್ದಳು.

"ಮಾವ... ಇದು..."

"ಗೊತ್ತು. ಕಾಫಿ ತಂದ ದಿನವೇ ನೋಡಿದೆ."

"ಮತ್ತೆ ಅತ್ತೆ ಹತ್ತಿರ ಮಾತಾಡಬಾರದಿತ್ತಾ?"

"ಹೇಗೆ ಮಾತಾಡ್ಲಿ? ನನಗೋಸ್ಕರ ಅಷ್ಟು ಕಷ್ಟಪಟ್ಟು ಮುಚ್ಚಿದ್ದಾಳೆ. ಸಿಕ್ಕಿಹಾಕ್ಕೊಂಡೆ ಅಂತ ಬೇಜಾರು ಮಾಡ್ಕೊಳ್ಳಲ್ವಾ?"

ಒಂದು ಅಂಕಿ ಆಚೀಚೆಯಾದರೆ ಊಟ ಬಿಟ್ಟು ಏಳುತ್ತಿದ್ದ ಮನುಷ್ಯ ಇವರು. ನೋಡಿ ಕಣ್ಣಿಗೆ ಚುಚ್ಚುತ್ತಿರಬಹುದು, ಪಾಪ, ನಾನಾದರೂ ಆ ಟಿಕ್ ತೆಗೆದು ಸರಿಮಾಡೋಣ ಅಂತ ಮೌಸಿಗೆ ಕೈ ಚಾಚಿದೆ.

ಮಾವ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ಇರಲಿ ಬಿಡು ಮಗೂ. ಅದು ಅವಳು ಹಾಕಿದ್ದು."