ಮೆಣಸಿನಕಾಯಿ ಖೋಲ್ಯಾಗಿನ ಸಂಸಾರ

ಹೆಣ್ಣುಮಕ್ಕಳ ದವಾಖಾನಿಯೊಳಗ ನೌಕರಿ ಮಾಡಿದವರು ನಗಾಕ ಬ್ಯಾರೆ ಕಡೆ ಹೋಗಬೇಕಾಗಿಲ್ಲ. ಮುಂಜಾನೆ ಬಾಗಲಾ ತಗದ್ರ ಸಾಕು, ದಿನಾ ಒಂದು ನಗಿ ತಾನ ನಡಕೊಂತ ಒಳಗ ಬರತೈತಿ. ನಾನು ರಾಣೇಬೆನ್ನೂರಾಗ ಒಬ್ಬ ಡಾಕ್ಟರ್ ಬಾಯಾರ ಕೈಕೆಳಗ ನರ್ಸ್ ಆಗಿದ್ದೆ. ಎಂಬತ್ತರ ದಶಕದ ಕಡೀ ವರ್ಷಗಳು ಅವು, ಹಾವೇರಿ ಇನ್ನೂ ಜಿಲ್ಲಾ ಆಗಿರಲಿಲ್ಲ. ಮಕ್ಕಳಾಗದವರು, ಮಕ್ಕಳು ಸಾಕಾದವರು, ಲಗ್ನಾದ ಮ್ಯಾಲೆ ಮುಂದೇನು ಅಂತ ತಿಳೀದವರು, ಎಲ್ಲಾರೂ ನಮ್ಮ ಬೆಂಚಿನ ಮ್ಯಾಲೆ ಬಂದು ಕುಂದರತಿದ್ರು. ಕುಂತ ಮ್ಯಾಲೆ ಒಬ್ಬರೂ ಬಾಯಿ ಬಿಡತಿರಲಿಲ್ಲ. ನಮ್ಮ ಮಂದಿ ಹೊಲದ ತಕರಾರು, ಅಣ್ಣ-ತಮ್ಮರ ಜಗಳ, ಬೀಗರು ಮಾಡಿದ ಅವಮರ್ಯಾದಿ ಎಲ್ಲಾ ಬಸ್ ಸ್ಟ್ಯಾಂಡಿನಾಗ ನಿಂತು ಗಟ್ಟಿಯಾಗಿ ಹೇಳತಾರ. ಗಂಡ-ಹೆಂಡತಿ ಕೂಡೂ ಮಾತು ಬಂತಂದ್ರ ಮಾತ್ರ ನೆಲಾ ನೋಡತಾರ. ಅದಕ್ಕ ಒಂದು ಹೆಸರೂ ಇಲ್ಲ, "ಅದು" ಅಂದ್ರ ಮುಗೀತು.

ಆ "ಅದು" ಯಾರ ಬಾಯಿಂದಾನೂ ಹೊರಗ ಬರಲಾರದ್ದಕ್ಕ ಒಬ್ಬ ಹುಡುಗಿ ಗಂಡನ ಮನಿ ಬಿಟ್ಟು ಹೋಗೂ ಹಂಗಾಗಿತ್ತು. ಅದನ್ನ ಹೇಳಾಕ ಕುಂತೇನಿ, ಆದ್ರ ನಮ್ಮ ಮಂದಿ ಎಂಥಾವರು ಅಂತ ತಿಳೀಲಿ, ಮೊದಲ ಎರಡು ಸಣ್ಣವು ಹೇಳತೇನಿ.

೧. ಗೆಳೆಯನ ತ್ರಾಸು

ನಮ್ಮಲ್ಲಿಗೆ ಬರೂ ಗಂಡಸರಿಗೆ ಯಾವ ರೋಗಾನೂ ಇರತಿರಲಿಲ್ಲ. ಇದ್ರ ಅವರ ಗೆಳೆಯಗ ಇರತಿತ್ತು.

ಒಮ್ಮೆ ಹಾವೇರಿಯಿಂದ ಇಬ್ಬರು ಕೂಡೇ ಬಂದ್ರು. ಒಬ್ಬಂವ ಶಾಲಿ ಮಾಸ್ತರ, ಇನ್ನೊಬ್ಬಂವ ಕಿರಾಣಿ ಅಂಗಡಿಯವ. ಮಾಸ್ತರ ನಮ್ಮ ಕಂಪೌಂಡರನ್ನ ಮೂಲಿಗೆ ಕರದು, "ನಮ್ಮ ಅಂಗಡಿಯವಗ ಸ್ವಲ್ಪ ನಿಶ್ಶಕ್ತಿ ಐತ್ರಿ. ಹೇಳಾಕ ನಾಚತಾನ. ಏನಾರ ಔಷಧ ಕೊಡ್ರಿ" ಅಂದ. ಅಂವ ಈ ಕಡೆ ಬಂದು ಕುಂತ ಕೂಡ್ಲೇ ಅಂಗಡಿಯವ ಎದ್ದು ಕಂಪೌಂಡರ್ ಕಡೆ ಹೋದ. "ಮಾಸ್ತರಗ ನಿಶ್ಶಕ್ತಿ ಐತ್ರಿ. ನಾ ಹೇಳೇನಿ ಅಂತ ಗೊತ್ತಾಗೂದು ಬ್ಯಾಡ" ಅಂದ.

ಕಂಪೌಂಡರ್ ಶಾಣ್ಯಾ ಮನಷ್ಯಾ. ಇಬ್ಬರ ಕೈಯಾಗೂ ಒಂದೊಂದು ಟಾನಿಕ್ ಬಾಟ್ಲಿ ಇಟ್ಟು, "ಗೆಳೆಯಗ ತಪ್ಪದ ಕುಡಸ್ರಿ" ಅಂತ ಹೇಳಿ ಕಳಿಸಿದ. ತಿಂಗಳಾದ ಮ್ಯಾಲೆ ಇಬ್ಬರೂ ಮತ್ತ ಬಂದ್ರು. "ಗೆಳೆಯಗ ಹೆಂಗೈತಿ?" ಅಂತ ಇಬ್ಬರಿಗೂ ಬ್ಯಾರೆ ಬ್ಯಾರೆ ಕೇಳಿದ್ರ, ಇಬ್ಬರೂ "ನನಗೇನ್ರಿ, ಈಗ ಭಾಳ ಆರಾಮ ಐತಿ" ಅಂದ್ರು.

೨. ಹಾಡೂ ಅಜ್ಜಿ

ನಮ್ಮ ಡಾಕ್ಟರ್ ಬಾಯಾರು ಮೈಸೂರು ಕಡೆಯವರು. ಮಾತು ಭಾಳ ಸ್ವಚ್ಛ, ಓದಿ ಹೇಳಿದಂಗ. ಒಬ್ಬ ಅಜ್ಜಿ ಬಂದ್ಲು, ನೋವು ಅಂತ. "ಎಲ್ಲಿ ನೋವು ಅಜ್ಜಿ?" ಅಂತ ಡಾಕ್ಟರು ಕೇಳಿದ್ರು. "ಅಲ್ಲೇರಿ" ಅಂದ್ಲು. "ಅಲ್ಲಿ ಅಂದರೆ ಎಲ್ಲಿ?" ಅಂದ್ರು. ಅಜ್ಜಿ ಸೆರಗು ಬಾಯಿಗೆ ಒತ್ತಿ, ಗ್ವಾಡಿ ಕಡೆ ಮಾರಿ ಮಾಡಿ, "ನಿಮಗೆಲ್ಲಿ ಇರತೈತೋ ಯವ್ವಾ, ನನಗೂ ಅಲ್ಲೇ ಐತಿ" ಅಂದ್ಲು. ಮುಟ್ಟಿ ನೋಡಾಕೂ ಬಿಡಲಿಲ್ಲ, ಎದ್ದು ಹೋದ್ಲು.

ಅದೇ ವಾರ ನಾವಿಬ್ಬರೂ ಊರಾಗ ಒಂದು ಲಗ್ನಕ್ಕ ಹೋಗಿದ್ವಿ. ಬೀಗರ ಹಾಡು ಚಾಲೂ ಆತು. ನಡುವ ಕುಂತು ಎತ್ತಿ ಹಾಡಾಕತ್ತಾಕಿ ಇದೇ ಅಜ್ಜಿ. ಬೀಗಿತ್ತಿದು ನೆತ್ತಿಯಿಂದ ಹಿಮ್ಮಡಿತನಕ ಒಂದು ಅಂಗಾನೂ ಬಿಡಲಿಲ್ಲ. ಒಂದೊಂದಕ್ಕ ಮೂರು ಮೂರು ಹೆಸರಿಟ್ಟು, ಅದರದು ಉಪಯೋಗ ಸಹಿತ ಹೇಳಿ ಹಾಡಿದ್ಲು. ಬೀಗಿತ್ತಿ ಉರುಳಾಡಿ ನಗಾಕತ್ತಿದ್ಲು. ಡಾಕ್ಟರು ನನ್ನ ಕಿವಿಯಾಗ, "ಇದರಲ್ಲಿ ಅರ್ಧ ನಮ್ಮ ಕಾಲೇಜಿನಲ್ಲೂ ಹೇಳಿಕೊಡಲಿಲ್ಲ" ಅಂದ್ರು.

ಹಾಡು ಮುಗಿದ ಮ್ಯಾಲೆ ಅಜ್ಜಿಗೆ ಕೇಳಿದೆ: "ಅಲ್ಲಬೇ, ಎಲ್ಲಾ ಹೆಸರು ಬರತಾವು, ದವಾಖಾನ್ಯಾಗ ಯಾಕ ಹೇಳಲಿಲ್ಲ?" "ಹಾಡಾಕ ಬರತೈತಿ ಮಗಳ, ಹೇಳಾಕ ಬರಂಗಿಲ್ಲ" ಅಂದ್ಲು. ಮರುದಿನ ಅಜ್ಜಿ ದವಾಖಾನಿಗೆ ಬಂದಾಗ ಡಾಕ್ಟರು ನಗಲಾರದ, "ಹಾಗಾದರೆ ಹಾಡಿಯೇ ಬಿಡಿ ಅಜ್ಜಿ" ಅಂದ್ರು. ಅಜ್ಜಿ ಹಾಡಿದ್ಲು. ಒಂದು ನುಡಿಯಾಗ ರೋಗ ಗೊತ್ತಾತು, ಹೊರಗ ಬೆಂಚಿನ ಮ್ಯಾಲೆ ಕುಂತಿದ್ದ ಗಂಡಸರು ಮಾತ್ರ ಎದ್ದು ಹೋಗಿದ್ರು.

೩. ಅತ್ತಿಯ ಉತ್ತರ

ಈಗ ಆ ಹುಡುಗಿ ಮಾತಿಗೆ ಬರತೇನಿ. ಇಪ್ಪತ್ತೆರಡರಾಕಿ, ತವರು ಕರ್ಜಗಿ, ಕೊಟ್ಟದ್ದು ಬ್ಯಾಡಗಿಗೆ. ಮಾವ ಎತ್ತಿನ ದಲ್ಲಾಳಿ, ಜೋಡಿಗೆ ಮೆಣಸಿನಕಾಯಿ ಹೊಲಾನೂ ಇತ್ತು. ಗಂಡ ಅಪ್ಪನ ಬೆನ್ನಿಗೆ ಸಂತಿ ತಿರಗತಿದ್ದ. ಲಗ್ನಾಗಿ ಎರಡು ವರ್ಷಾದ್ರೂ ಹೊಟ್ಟಿ ನಿಂತಿಲ್ಲ ಅಂತ ಅತ್ತಿ ಕರಕೊಂಡು ಬಂದಿದ್ಲು.

ಡಾಕ್ಟರು ಹುಡುಗಿಗೆ ಕೇಳತಿದ್ರು, ಉತ್ತರಾ ಅತ್ತಿ ಕೊಡತಿದ್ಲು.

"ಮುಟ್ಟು ಸರಿಯಾಗಿ ಆಗುತ್ತೇನಮ್ಮ?"

"ಆಕ್ಕೈತ್ರಿ, ಹೊರಗ ಕುಂದರೂದು ನಾನ ನೋಡತೇನಿ."

"ದಾಂಪತ್ಯ ಜೀವನ ಹೇಗಿದೆ?"

"ಚೊಲೋ ಐತ್ರಿ. ಎರಡು ಎಮ್ಮಿ ಹಿಂಡತಾವ."

ಡಾಕ್ಟರು ನನ್ನ ಮಾರಿ ನೋಡಿದ್ರು. ನಾ ಬಿಡಿಸಿ ಕೇಳಿದೆ: "ಗಂಡ-ಹೆಂಡತಿ ಕೂಡಿ ಇರತಾರೇನ್ರಿ ಅಂತ ಕೇಳಾಕತ್ತಾರ." "ಇರದ ಏನ್ರಿ," ಅಂದ್ಲು ಅತ್ತಿ, "ಒಂದ ಮನ್ಯಾಗ ಇರತಾರ, ಒಂದ ಒಲಿ ಮ್ಯಾಲಿನ ರೊಟ್ಟಿ ತಿಂತಾರ."

ಎಲ್ಲಾ ತಪಾಸಣಿ ಆತು. ಹುಡುಗಿಯೊಳಗ ಯಾವ ದೋಷಾನೂ ಇರಲಿಲ್ಲ. ಅತ್ತಿ ಅದನ್ನ ಕೇಳಿ ಸಮಾಧಾನ ಆಗೂದು ಬಿಟ್ಟು ಸಿಟ್ಟಿಗೆದ್ಲು. "ಯುಗಾದಿತನಕ ನೋಡತೇವ್ರಿ. ಅಷ್ಟ್ರಾಗ ಸುದ್ದಿ ಇಲ್ಲಂದ್ರ ಟ್ರಂಕು ಕಟ್ಟಿ ಕರ್ಜಗಿಗೆ ಕಳಸತೇವಿ. ದೇವರಗುಡ್ಡದಾಗ ನಮ್ಮ ಅಕ್ಕನ ಮಗಳು ಅದಾಳ, ತಂದು ಲಗ್ನಾ ಮಾಡತೇವಿ" ಅಂದ್ಲು. ಹುಡುಗಿ ಎದುರಿಗೇ ಕುಂತಿತ್ತು. ಕಣ್ಣಾಗ ನೀರು ನಿಂತಿದ್ವು. "ಹಂಗಾರ ಮಗನ್ನೂ ಒಮ್ಮೆ ತೋರಸ್ರಿ" ಅಂದೆ.

"ನನ್ನ ಮಗಗ ಏನಾಗೇತ್ರಿ?" ಅಂದ್ಲು ಅತ್ತಿ. "ಎರಡು ಚೀಲ ಒಮ್ಮೆಲೆ ಹೊರತಾನ."

೪. ಸೀನು

ಮುಂದಿನ ಸಲ ಬಂದಾಗ ನಾ ಒಂದು ಹಂಚಿಕಿ ಹಾಕಿದೆ. ಅತ್ತಿಗೆ ಬಿ.ಪಿ. ನೋಡಿಸಿಕೊಳ್ಳೂದಂದ್ರ ಭಾಳ ಖುಷಿ. ಕಂಪೌಂಡರಗ ಕಣ್ಣು ಹೊಡದೆ, ಅಂವ ಅಕಿನ್ನ ಹೊರಗ ಕೂಡ್ರಿಸಿ ಎಡಗೈ ಆದ ಮ್ಯಾಲೆ ಬಲಗೈ, ಬಲಗೈ ಆದ ಮ್ಯಾಲೆ ಎಡಗೈ ಅಂತ ಪಟ್ಟಿ ಕಟ್ಟಕೊಂತ ಇಟಗೊಂಡ. ಅಷ್ಟ್ರಾಗ ಬಾಗಲಾ ಹಾಕಿ ಹುಡುಗಿನ್ನ ಮಾತಾಡಿಸಿದೆ. ಬಾಯಿ ಇಲ್ಲ ಅಂದುಕೊಂಡಿದ್ದೆ, ಶುರು ಮಾಡಿದ ಮ್ಯಾಲೆ ನಿಲ್ಲಲೇ ಇಲ್ಲ.

ಇವರ ಲಗ್ನಾದದ್ದು ಮೆಣಸಿನಕಾಯಿ ಸುಗ್ಗಿಯೊಳಗ. ಗಂಡ-ಹೆಂಡತಿಗೆ ಅಂತ ಒಂದು ಖೋಲಿ ಕೊಟ್ಟಿದ್ರು, ಮನ್ಯಾಗ ಬಾಗಲಾ ಇದ್ದ ಖೋಲಿ ಅದೊಂದ. ದರ ಬಿತ್ತು. ಮಾವ, "ಏರೂತನಕ ಮಾರಂಗಿಲ್ಲ" ಅಂತ ಚೀಲ ಎಲ್ಲಾ ತಂದು ಅದೇ ಖೋಲಿಗೆ ಒಟ್ಟಿಸಿದ. ಆ ಮಾಲು ಹೋಗೂದರಾಗ ಮುಂದಿನ ಬೆಳಿ ಬಂತು. ನಡುವ ಒಂದು ಚಾಪಿ ಹಾಸೂವಷ್ಟು ಜಾಗಾ, ಸುತ್ತ ಜಂತಿ ಮುಟ್ಟೂವಂಗ ಬ್ಯಾಡಗಿ ಮೆಣಸಿನಕಾಯಿ.

"ಚಾಪಿ ಝಾಡಿಸಿದ್ರ ಸಾಕ್ರಿ ಸಿಸ್ಟರ್," ಅಂದ್ಲು ಹುಡುಗಿ, "ಮೊದಲ ಅವರು ಸೀನತಾರ, ಆಮ್ಯಾಲೆ ನಾ ಸೀನತೇನಿ. ಪಡಸಾಲಿಯಿಂದ ಮಾವ 'ಯಾರಿಗ್ಲೇ ನೆಗಡಿ?' ಅಂತ ಕೂಗತಾರ. ಅತ್ತಿ ಎದ್ದು ಶುಂಠಿ ಕಷಾಯ ಕಾಸಿಕೊಂಡು ಬಂದು ಬಾಗಲಾ ಬಡೀತಾರ."

ಹಿಂಗ ಒಂದಷ್ಟು ದಿನ ಆದ ಮ್ಯಾಲೆ ಅತ್ತಿ ತೀರ್ಮಾನಾ ಮಾಡಿದ್ಲಂತ, ಇಬ್ಬರದೂ ಸೂಕ್ಷ್ಮ ಮೈ, ಒಬ್ಬರ ನೆಗಡಿ ಒಬ್ಬರಿಗೆ ಹತ್ತತೈತಿ ಅಂತ. ಮಗನ್ನ ಪಡಸಾಲ್ಯಾಗ ಅಪ್ಪನ ಬಾಜೂಕ ಹಾಕಿದ್ಲು, ಸೊಸಿನ್ನ ಅಡಗಿ ಮನ್ಯಾಗ ತನ್ನ ಬಾಜೂಕ ಹಾಕಿಕೊಂಡ್ಲು.

ನನಗ ನಗಬೇಕೋ ಸಿಟ್ಟಾಗಬೇಕೋ ತಿಳೀಲಿಲ್ಲ. "ಬ್ಯಾರೆ ಬ್ಯಾರೆ ಮಲಗಿದ್ರ ಮಕ್ಕಳಾಗಂಗಿಲ್ಲ ಅಂತ ನಿಮ್ಮ ಅತ್ತಿಗೆ ಗೊತ್ತಿಲ್ಲೇನವಾ? ಅಕೀನೂ ಹಡದಾಳಲ್ಲ?" ಅಂದೆ.

"ಗೊತ್ತೈತೋ ಇಲ್ಲೋರಿ," ಅಂದ್ಲು. "ಹರಕಿ ಹೊತ್ತೇವಲ್ಲ, ದೇವರು ನೋಡಿಕೊಳ್ಳತಾನ ಅಂತಾರ."

೫. ಹಂದಿ ಹೊಕ್ಕದ್ದು

ಗಂಡ-ಹೆಂಡತೀನೂ ಪ್ರಯತ್ನಾ ಬಿಟ್ಟಿರಲಿಲ್ಲ. ಗಂಡ ಒಂದು ಉಪಾಯ ತಗದ. ಜ್ವಾಳ ಆಳೆತ್ತರ ನಿಂತಿತ್ತು. ನೀ ಬುತ್ತಿ ತಗೊಂಡು ಹೊಲಕ್ಕ ಬಾ, ಮಧ್ಯಾಹ್ನ ಹೊತ್ತು ಯಾರೂ ಇರಂಗಿಲ್ಲ ಅಂತ ಹೆಂಡತಿಗೆ ಹೇಳಿದ. ಅಕಿ ಹೋದ್ಲು. ಹಕ್ಕಿ ಕಾಯೂ ಮುದುಕ ಅಟ್ಟಣಿ ಮ್ಯಾಲೆ ಇರತಾನ ಅನ್ನೂದು ಇಬ್ಬರಿಗೂ ನೆನಪಿರಲಿಲ್ಲ.

ಜ್ವಾಳದ ತೆನಿ ಅಳ್ಳಾಡೂದು ಮುದುಕಗ ಕಂಡಿತು. ಗಾಳಿ ಇಲ್ಲ, ಒಂದ ಕಡೆ ಅಳ್ಳಾಡಾಕತ್ತಾವ ಅಂದ್ರ ಹಂದಿನ ಇರಬೇಕು ಅಂತ ಕವಣ್ಯಾಗ ಕಲ್ಲಿಟ್ಟು ಬೀಸಿದ. ಕಲ್ಲು ನೆಟ್ಟಗ ಬಂದು ಗಂಡನ ಹಣಿಗೆ ಬಡೀತು. ಮುದುಕಂದು ಗುರಿ ಮಾತ್ರ ಆ ಸೀಮ್ಯಾಗ ಹೆಸರುವಾಸಿ ಇತ್ತಂತ. ಹುಡುಗಿ ಬುತ್ತಿ ಗಂಟು ಅಲ್ಲೇ ಬಿಟ್ಟು ಹಿಂದಿನ ಬದುವಿನಿಂದ ಓಡಿದ್ಲು.

ಮನ್ಯಾಗ ಏನಾತು ಅಂತ ಕೇಳಿದ್ರ ಗಂಡ ಏನು ಹೇಳಬೇಕು? "ಬಿಳಿ ಎತ್ತು ಹಾಯ್ತು" ಅಂದ. ಮಾವ ದಲ್ಲಾಳಿ, ಇಂಥಾ ವಿಷಯದಾಗ ತಡ ಮಾಡೂ ಮನಷ್ಯಾ ಅಲ್ಲ. ಹಾಯೂ ಎತ್ತು ಮನ್ಯಾಗ ಇರಬಾರದು ಅಂತ ಆ ಬಡಪಾಯಿ ಎತ್ತನ್ನ ಅದೇ ವಾರ ಹಾವೇರಿ ಸಂತ್ಯಾಗ ಮಾರಿಬಿಟ್ಟ.

೬. ಟವೆಲ್ಲಿನ ಕೆಳಗ

ಎಲ್ಲಾ ಹೇಳಿದ ಮ್ಯಾಲೆ ಹುಡುಗಿ ನನ್ನ ಕೈ ಹಿಡಕೊಂಡು, "ಅತ್ತಿ ಮುಂದ ಹೇಳಬ್ಯಾಡ್ರಿ, ನಾಚಿಕಿಗೆಟ್ಟಾಕಿ ಅಂತಾರ" ಅಂತ ಆಣಿ ಮಾಡಿಸಿಕೊಂಡ್ಲು. ಡಾಕ್ಟರು ಅತ್ತಿಗೆ ಸೂಕ್ಷ್ಮವಾಗಿ, "ಮಲಗುವ ಕೋಣೆಯಲ್ಲಿ ಮೆಣಸಿನಕಾಯಿ ಇಡಬೇಡಿ" ಅಂದು ನೋಡಿದ್ರು. "ಬ್ಯಾಡಗ್ಯಾಗ ಮೆಣಸಿನಕಾಯಿ ಇಲ್ಲದ ಮನಿ ಯಾವುದೈತ್ರಿ? ಎಲ್ಲಾರಿಗೂ ಮಕ್ಕಳಾಗ್ಯಾವ" ಅಂತ ಅಕಿ ತಳ್ಳಿ ಹಾಕಿದ್ಲು. ಗಂಡನ್ನ ಕರಿಸಿ, "ನಿಮ್ಮ ಅಪ್ಪಗ ನೀನ ಹೇಳಪ್ಪಾ" ಅಂದೆ. ಅಂವ ಬೆವತ. "ಅಪ್ಪನ ಕೂಡ ನಾ ಎತ್ತಿನ ಮಾತು ಬಿಟ್ಟು ಇನ್ನೊಂದು ಆಡಿಲ್ರಿ" ಅಂದ.

ಯುಗಾದಿ ಬಂತು, ಹೋತು. ಹಬ್ಬಾದ ಮರುದಿನ ಅತ್ತಿ ನನ್ನ ಬ್ಯಾಡಗಿಗೆ ಕರಿಸಿದ್ಲು, ತಪಾಸಣಿ ಎಲ್ಲಾ ಮಾಡಿಸೇವಿ ಅಂತ ಹಿರಿಯರ ಮುಂದ ಸಾಕ್ಷಿ ಹೇಳಾಕ. ಹೋದ್ರ ಪಡಸಾಲಿ ತುಂಬ ಮಂದಿ. ಕರ್ಜಗಿಯಿಂದ ಹುಡುಗಿ ಅಪ್ಪ ಬಂದಿದ್ದ, ತಲಿ ಬಗ್ಗಿಸಿ ಕುಂತಿದ್ದ. ಬಾಗಲದಾಗ ಟ್ರಂಕು ಹಗ್ಗಾ ಬಿಗಿಸಿಕೊಂಡು ತಯಾರಿತ್ತು. ಹುಡುಗಿ ಅಡಗಿ ಮನಿ ಕಂಬ ಹಿಡಕೊಂಡು ನಿಂತಿದ್ಲು. ಅಕಿ ಮಾರಿ ನೋಡಿ ನನ್ನ ಆಣಿ ಮುರೀಬೇಕು ಅಂತ ಬಾಯಿ ತಗದೆ.

ಅಷ್ಟ್ರಾಗ ಗಂಡ ಎದ್ದು ಬಂದು ಅಪ್ಪನ ಮಗ್ಗಲಾ ಕುಂತ. ಹೆಗಲಿನ ಟವೆಲ್ ತಗದು ಅಪ್ಪನ ಕೈ ಮ್ಯಾಲೆ ಹಾಕಿ, ತನ್ನ ಕೈ ಅದರ ಕೆಳಗ ತೂರಿಸಿದ. ದನದ ಸಂತ್ಯಾಗ ದರ ಮಾತಾಡೂದು ಹಿಂಗ, ಬಾಯಿಲೆ ಹೇಳಂಗಿಲ್ಲ. ಟವೆಲ್ಲಿನ ಕೆಳಗ ಬೆರಳು ಹಿಡದ್ರ, ಹಿಡದಂವಗ, ಹಿಡಿಸಿಕೊಂಡಂವಗ ಬಿಟ್ಟು ಮೂರನೇದವಗ ಗೊತ್ತಾಗಂಗಿಲ್ಲ. ಒಂದು ಬೆರಳು ಅಂದ್ರ ನೂರೋ, ಹತ್ತೋ, ಒಂದೋ ಅನ್ನೂದಷ್ಟ ಬಾಯಿಲೆ ಕೇಳಿಕೊಳ್ಳತಾರ. ಹಿರಿಯರೆಲ್ಲಾ ಯಾವುದೋ ಎತ್ತಿನ ಮಾತು ನಡುವ ಬಂತು ಅಂತ ಎಲಿ-ಅಡಿಕಿ ಹಾಕ್ಕೊಂತ ಕುಂತ್ರು.

ಗಂಡ ಖೋಲಿ ಬಾಗಲಾ ಕಡೆ ನೋಡಿ, ಹೆಂಡತಿ ಕಡೆ ನೋಡಿ, ಸಣ್ಣ ದನಿಲೆ, "ಲಗ್ನಾದಾಗಿಂದ ಇಲ್ಲೀತನಕ, ಯಪ್ಪಾ" ಅಂದು ಬೆರಳು ಹಿಡದ.

ಮಾವ ರೂಢಿ ಬಿದ್ದ ಮನಷ್ಯಾ, "ನೂರಾ?" ಅಂದ. ಮಗ ತಲಿ ಅಳ್ಳಾಡಿಸಿದ.

"ಹತ್ತಾ?"

ಇಲ್ಲ ಅಂದ.

"ಹಂಗಾರ ಒಂದಾ?"

ಅದಕ್ಕೂ ಇಲ್ಲ ಅಂದ. ಟವೆಲ್ ಸ್ವಲ್ಪ ಅಳ್ಳಾಡಿತು. ಮಾವ ಮಗನ ಮಾರೀನ ನೋಡಿದ. "ಅರ್ಧಾ ಬೆರಳು?" ಅಂದ. "ಅರ್ಧಕ್ಕ ಯಾಕ ನಿಂತೀ?"

"ಸೀನು ಬಂತು" ಅಂದ ಮಗ.

ಮಾವ ಖೋಲಿ ಕಡೆ ನೋಡಿದ, ಜಂತಿ ಮುಟ್ಟಿದ ಚೀಲ ನೋಡಿದ, ಹೆಂಡತಿ ಮಾರಿ ನೋಡಿದ. ಟವೆಲ್ ಝಾಡಿಸಿ ಎದ್ದು ನಿಂತು, "ಗಾಡಿ ಹೂಡ್ರಿ, ಖೋಲಿ ಈಗ ಖಾಲಿ ಆಗಬೇಕು" ಅಂದ.

"ದರ ಬಿದ್ದೈತಿ, ಈಗ್ಯಾಕ?" ಅಂದ್ಲು ಅತ್ತಿ. "ಇಲ್ಲೆ ಎಂಥಾ ಮಾತು ನಡದೈತಿ, ನಿಮಗ ಮೆಣಸಿನಕಾಯಿ ಚಿಂತಿ."

"ಸಂತಿ ಇನ್ನೂ ಕೂಡೇ ಇಲ್ಲ," ಅಂದ ಮಾವ, "ನೀ ಸಂತಿ ಮುಗೀತು ಅಂತ ಮನೀಗೆ ನಡದೀದಿ."

ಹಿರಿಯರಿಗೆ ಏನೂ ತಿಳೀಲಿಲ್ಲ. ಹುಡುಗಿಗೆ ತಿಳೀತು. ಬಾಗಲದಾಗಿನ ಟ್ರಂಕು ಎತ್ತಿಕೊಂಡು ಒಳಗ ಹೋಗಿಬಿಟ್ಲು. ಮಾವ ಬೀಗರನ್ನೂ ಬಿಡಲಿಲ್ಲ. "ಮಗಳು ಎಲ್ಲೂ ಬರಂಗಿಲ್ರಿ, ಆದ್ರ ನೀವು ಬಂದೀರಿ, ಒಂದು ಕೈ ಹಚ್ಚರಿ" ಅಂದ.

ಹುಡುಗಿ ಅಪ್ಪ ತಲಿ ಮ್ಯಾಲೆ ಚೀಲ ಹೊತ್ತು, ಕಣ್ಣು-ಮೂಗು ಒರಸಿಕೊಂತ, ಸೀನಕೊಂತ ನನ್ನ ಮುಂದ ನಿಂತ. "ಸಿಸ್ಟರ್, ಮಗಳನ್ನ ಕರಕೊಂಡು ಹೋಗಾಕ ಬಂದಂವ ಮೆಣಸಿನಕಾಯಿ ಹೊರಾಕತ್ತೇನಿ. ನನ್ನ ಮಗಳ ರೋಗ ಏನು ಅಂತ ಒಬ್ಬರೂ ಹೇಳವಲ್ರು."

"ಅದನ್ನ ಹೊತಗೊಂಡು ನಿಂತೀರಿ," ಅಂದೆ. "ಲಗೂ ಗಾಡಿಗೆ ಹಾಕಿ ಬರ್ರಿ."